ಎದುರಿನವರು ಹೈಬೀಮ್ ಇಳಿಸದಿದ್ದರೆ ಏನು ಮಾಡೋದು?

ನಿನ್ನೆ ರಾತ್ರಿ ಎದುರಿಂದ ಬಂದ ಕಾರು ಕೊನೆವರೆಗೂ ಹೈಬೀಮ್ (ದೂರಕ್ಕೆ ಬೀಳುವ ಹೆಡ್‌ಲೈಟ್ ಬೆಳಕು) ಇಳಿಸಲೇ ಇಲ್ಲ. ಕಣ್ಣು ಕುಕ್ಕಿ ಏನೂ ಕಾಣಲಿಲ್ಲ. ಅದು ದಾಟಿದ ಮೇಲೆ ನೋಡಿದರೆ ನನ್ನ ಬಂಪರಿನ ಮುಂದೆಯೇ ಒಂದು ಸೈಕಲ್! ಮೊದಲು ಕಂಡಿದ್ದು ಪೆಡಲ್ ಮೇಲೆ ಏರಿಳಿಯುತ್ತಿದ್ದ ಎರಡು ಹಿಮ್ಮಡಿ, ಅಷ್ಟೇ. ಬ್ರೇಕ್ ಹಿಡಿಯಿತು, ಪುಣ್ಯ. ಇಂಥವರಿಗೆ ನಾವೂ ಹೈಬೀಮ್ ಹಾಕಿ ತೋರಿಸಬೇಕಾ?

ಉತ್ತರ 1:
ಖಂಡಿತ ಬೇಡ ಸಾರ್. ಆಗ ಇಬ್ಬರಿಗೂ ಕಾಣಲ್ಲ, ನಡುವೆ ಸಿಗೋದು ಆ ಸೈಕಲ್‌ನವರು. ಒಮ್ಮೆ ಡಿಪ್ ಮಾಡಿ ತೋರಿಸಿ, ಇಳಿಸದಿದ್ದರೆ ವೇಗ ತಗ್ಗಿಸಿ, ದೃಷ್ಟಿ ರಸ್ತೆಯ ಎಡ ಅಂಚಿನ ಬಿಳಿ ಗೆರೆ ಮೇಲಿರಲಿ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಒಂದು ಸೆಕೆಂಡಿಗೆ ಸುಮಾರು 22 ಮೀಟರ್ ಕುರುಡಾಗಿ ಹೋಗಿರ್ತೀರಿ.

ಉತ್ತರ 2:
ಗಾಜಿನ ಒಳಬದಿಯನ್ನೂ ಒರೆಸಿ. ಅಲ್ಲಿ ಕೂತ ಮಸುಕು ಪದರ ಬೆಳಕನ್ನು ಇನ್ನಷ್ಟು ಚದುರಿಸುತ್ತೆ.

ಉತ್ತರ 3:
ನನ್ನದೂ ತಪ್ಪಿತ್ತು, ಹೇಳಿಬಿಡ್ತೀನಿ. ಲೋಬೀಮ್‌ನಲ್ಲೇ ಇದ್ದರೂ ಎದುರಿನವರೆಲ್ಲ ಲೈಟ್ ಮಿನುಗಿಸ್ತಿದ್ದರು. ಹಿಂದಿನ ಸೀಟು, ಡಿಕ್ಕಿ ಎರಡೂ ತುಂಬಿ ಗಾಡಿಯ ಮೂತಿ ಮೇಲೆದ್ದಿತ್ತು, ಬೆಳಕು ನೇರ ಅವರ ಕಣ್ಣಿಗೆ. ಸ್ಟೀರಿಂಗ್ ಪಕ್ಕ 0ಯಿಂದ 3ರವರೆಗೆ ಒಂದು ಚಿಕ್ಕ ಗಾಲಿ ಇದೆಯಲ್ಲ, ಅದು ಇದಕ್ಕೇ ಇರೋದು. ಅಂಕಿ ಹೆಚ್ಚಿದಷ್ಟೂ ಬೆಳಕು ಕೆಳಗಿಳಿಯುತ್ತೆ. ಹ್ಯಾಲೋಜನ್‌ಗೆ ಮಾಡಿದ ದೀಪದೊಳಗೆ ಎಲ್‌ಇಡಿ ಬಲ್ಬ್ ತುರುಕಿದ್ದನ್ನೂ ತೆಗೆಸಿದೆ. ಬೆಳಕು ಹೊರಡುವ ಜಾಗ ಸ್ವಲ್ಪ ಸರಿದರೂ ಬಲ್ಬಿನ ಹಿಂದಿನ ಕನ್ನಡಿಯಂಥ ರಿಫ್ಲೆಕ್ಟರ್ ಅದನ್ನು ಎಲ್ಲೆಂದರಲ್ಲಿ ಎರಚುತ್ತೆ.

ಪ್ರಶ್ನೆ ಕೇಳಿದವರು:
ಆ ಗಾಲಿ ನನ್ನ ಗಾಡಿಯಲ್ಲೂ ಇದೆ, ಇವತ್ತಿನವರೆಗೂ ಮುಟ್ಟಿರಲಿಲ್ಲ. ಈಗಲೇ ಗೋಡೆಗೆ ಬೆಳಕು ಬಿಟ್ಟು ನೋಡ್ತೀನಿ.