ಅಡಿಕೆ ಕಳವಾದಾಗಲೆಲ್ಲ ಕ್ಯಾಂಪಿನ ಹುಡುಗರಿಗೇ ಠಾಣೆಯ ಕರೆ: ಪಂಚಾಯಿತಿ ಕೈಯಲ್ಲಿ ಏನಿದೆ?

ತುಂಗೆದಂಡೆ ಕೇಳಿದ್ದು:

ಶಿವಮೊಗ್ಗ ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿಯ ಸಾಮಾಜಿಕ ನ್ಯಾಯ ಸಮಿತಿ ಮುಂದಿಡಲು ಟಿಪ್ಪಣಿ ತಯಾರಾಗಬೇಕಿದೆ. ವ್ಯಾಪ್ತಿಯಲ್ಲಿ ಹಕ್ಕಿಪಿಕ್ಕಿ ಕ್ಯಾಂಪ್ ಇದೆ, ಕೊರಮರ ಮನೆಗಳಿವೆ, ಕೊಯ್ಲಿಗೆ ಬಂದು ಹೋಗುವ ಅಸ್ಸಾಂ ಕಡೆಯ ಕೂಲಿಯವರಿದ್ದಾರೆ. ಅಂಗಳದಲ್ಲಿ ಅಡಿಕೆ ಹರವಿದ ದಿನಗಳಲ್ಲಿ ಎಲ್ಲಿ ಮೂಟೆ ಕಾಣೆಯಾದರೂ ಮೊದಲು ವಿಚಾರಣೆಗೆ ಹೋಗುವುದು ಈ ಮೂರು ಗುಂಪಿನ ಹುಡುಗರೇ. ಸುಳಿವು ಸಿಕ್ಕಿ ಕರೆದರೆ ಯಾರ ತಕರಾರೂ ಇಲ್ಲ. ಜಾತಿ, ಮುಖ, ಮಾತು ನೋಡಿ ಕರೆಯುವುದು ನಿಲ್ಲಬೇಕು.

ಪೊಲೀಸ್ ಇಲಾಖೆ ಪಂಚಾಯಿತಿಯ ಅಧೀನದಲ್ಲಿಲ್ಲ, ಅದು ಗೊತ್ತು. ಹಾಗಿದ್ದೂ ಗ್ರಾಮಸಭೆಯ ನಿರ್ಣಯಕ್ಕೆ ಏನಾದರೂ ಬೆಲೆ ಇದೆಯೇ? ನಿರ್ಣಯದಲ್ಲಿ ಏನು ಬರೆದರೆ ಕೆಲಸ ಆಗುತ್ತದೆ, ಏನು ಬರೆದರೆ ಬರೀ ಕಾಗದ? ವಿಷಯ ಬಲ್ಲವರು ಹೇಳಿ.

ಕಡತ ವಿಲೇವಾರಿ:

ಮೊದಲು ಪಂಚಾಯಿತಿಯ ಸ್ವಂತ ಗೋಡೆ ನೋಡಿಕೊಳ್ಳಿ. ಕೊಯ್ಲು ಶುರುವಾದಾಗ ಕಟ್ಟುವ ಫ್ಲೆಕ್ಸ್‌ನಲ್ಲಿ, ಆಟೋದಲ್ಲಿ ಕೂಗಿಸುವ ಪ್ರಚಾರದಲ್ಲಿ "ಅಲೆಮಾರಿಗಳು, ಕಂಬಳಿ ಮಾರುವವರು, ಹೊರರಾಜ್ಯದವರು ಕಂಡರೆ ಎಚ್ಚರ" ಎಂದು ಬರೆಸುವುದು ಎಷ್ಟೋ ಕಡೆ ಪಂಚಾಯಿತಿಯೇ. ಅದನ್ನು ನೋಡಿ ಊರಿನವರು 112ಕ್ಕೆ ಕರೆ ಮಾಡುತ್ತಾರೆ. ಕರೆ ಬಂದ ಮೇಲೆ ಗಾಡಿ ಹೋಗಲೇಬೇಕು, ಹೋದವರು ಯಾರನ್ನಾದರೂ ನಿಲ್ಲಿಸಲೇಬೇಕು. ಹಾಗಾಗಿ ಮೊದಲ ನಿರ್ಣಯ ಇದಾಗಲಿ: ಎಚ್ಚರಿಕೆ ಫಲಕದಲ್ಲಿ ಸಮುದಾಯದ ಹೆಸರಾಗಲಿ ಕಸುಬಾಗಲಿ ಇರಕೂಡದು, ನಡೆದ ಕೃತ್ಯದ ವಿವರ ಮಾತ್ರ ಇರಬೇಕು. "ರಾತ್ರಿ 11ರ ನಂತರ ದೀಪ ಆರಿಸಿ ನಿಂತ ಪಿಕಪ್, ನಂಬರ್ ಪ್ಲೇಟ್ ಮುಚ್ಚಿದ ವಾಹನ, ತೂಕದ ಚೀಟಿಯಿಲ್ಲದೆ ಹಸಿ ಅಡಿಕೆ ಮಾರಲು ಬಂದವರು" ಎಂದು ಬರೆಯಿರಿ. ಕಳ್ಳ ಅಡಿಕೆ ಕೊನೆಗೆ ಹೋಗುವುದು ಕೊಳ್ಳುವವನ ತಕ್ಕಡಿಗೆ ತಾನೇ.

ನಿರ್ಣಯದ ಬೆಲೆಯ ಮಾತು. ಅದು ಎಸ್ಪಿಯವರಿಗೆ ಆದೇಶವಲ್ಲ. ಆದರೆ ಇನ್‌ವರ್ಡ್ ಸಂಖ್ಯೆ ಬಿದ್ದ ಕಾಗದ, ಮುಂದೆ ಆಯೋಗಕ್ಕೋ ಕೋರ್ಟಿಗೋ ಹೋದಾಗ ಇಲಾಖೆಗೆ ಮೊದಲೇ ಗೊತ್ತಿತ್ತು ಎಂಬುದಕ್ಕೆ ಅದೇ ಸಾಕ್ಷಿ. "ದೌರ್ಜನ್ಯ ನಿಲ್ಲಿಸಬೇಕೆಂದು ಸಭೆ ಒತ್ತಾಯಿಸುತ್ತದೆ" ಎಂಬ ವಾಕ್ಯಕ್ಕೆ ಉತ್ತರ ಕೊಡುವ ಅಗತ್ಯ ಯಾರಿಗೂ ಇಲ್ಲ. ಉತ್ತರ ಕೊಡಲೇಬೇಕಾದ್ದನ್ನು ಕೇಳಿ: ಬೀಟ್‌ನಲ್ಲಿ ನಿಲ್ಲಿಸಿ ವಿಚಾರಿಸಿದ ಪ್ರತಿಯೊಬ್ಬರ ವಿವರ ಒಂದು ಪುಸ್ತಕದಲ್ಲಿ ಬರಲಿ, ಅದರ ಅಂಕಿಸಂಖ್ಯೆ ಮೂರು ತಿಂಗಳಿಗೊಮ್ಮೆ ಪಂಚಾಯಿತಿಗೆ ಬರಲಿ. ಕಾಲಂಗಳು ಇಷ್ಟು ಸಾಕು: ದಿನಾಂಕ, ಸಮಯ, ಜಾಗ, ನಿಲ್ಲಿಸಲು ಕಾರಣ, ಶೋಧಿಸಿದ್ದರೆ ಸಿಕ್ಕಿದ್ದೇನು, ಕೊನೆಗೆ ಏನಾಯಿತು, ಸಿಬ್ಬಂದಿಯ ಹೆಸರು ಮತ್ತು ಬಿಲ್ಲೆ ಸಂಖ್ಯೆ. ಕಾರಣದ ಕಾಲಂನಲ್ಲಿ "ಅನುಮಾನಾಸ್ಪದ" ಎಂಬ ಒಂದೇ ಪದ ಒಪ್ಪಬೇಡಿ. ಏನು ಮಾಡುತ್ತಿದ್ದ ಎಂದು ಬರೆಯಬೇಕು. ಇಡೀ ಪುಸ್ತಕದ ಜೀವ ಇರುವುದು ಆ ಕಾಲಂನಲ್ಲಿ.

ಇದು ಹೊಸ ಕಲ್ಪನೆಯಲ್ಲ. ಬ್ರಿಟನ್ನಿನಲ್ಲಿ ರಸ್ತೆ ಶೋಧನೆಗೆ ದಾಖಲೆ ಬರೆದು, ಶೋಧಿಸಲ್ಪಟ್ಟವನು ಕೇಳಿದರೆ ಪ್ರತಿ ಕೊಡಬೇಕು. ನ್ಯೂಯಾರ್ಕಿನಲ್ಲಿ 2011ರೊಂದರಲ್ಲೇ ಸುಮಾರು 6.85 ಲಕ್ಷ ಸಲ ಜನರನ್ನು ರಸ್ತೆಯಲ್ಲಿ ನಿಲ್ಲಿಸಿದ್ದರು. ಹತ್ತರಲ್ಲಿ ಸುಮಾರು ಒಂಬತ್ತು ಸಲ ಬಂಧನವೂ ಇಲ್ಲ, ಸಮನ್ಸೂ ಇಲ್ಲ. ನಿಲ್ಲಿಸಲ್ಪಟ್ಟವರಲ್ಲಿ ಬಹುಪಾಲು ಕಪ್ಪು ಜನ ಮತ್ತು ಲ್ಯಾಟಿನೊಗಳು. 2013ರಲ್ಲಿ ಫೆಡರಲ್ ಕೋರ್ಟ್ ಆ ಪದ್ಧತಿ ಸಂವಿಧಾನಬಾಹಿರ ಎಂದಿತು, ಅದೇ ವರ್ಷ ನಗರಸಭೆ ಮೇಯರ್ ಅವರ ವಿರೋಧ ಲೆಕ್ಕಿಸದೆ ಪ್ರೊಫೈಲಿಂಗ್, ಅಂದರೆ ಬಣ್ಣ, ಜನಾಂಗ ನೋಡಿ ಅನುಮಾನಿಸುವುದನ್ನು ತಡೆಯುವ ಸ್ಥಳೀಯ ಕಾನೂನು ಮಾಡಿತು. ಅಲ್ಲಿ ವಾದ ಗೆದ್ದದ್ದು ಪೊಲೀಸರೇ ತುಂಬಿದ ಫಾರಂಗಳ ಲೆಕ್ಕದಿಂದ. ನಮ್ಮಲ್ಲಿ ಫಾರಂ ಇಲ್ಲ, ಲೆಕ್ಕವೂ ಇಲ್ಲ.

ಒಂದು ಎಚ್ಚರಿಕೆ. ಆ ಪುಸ್ತಕಕ್ಕೆ ಜಾತಿ ಕಾಲಂ ಹಾಕಿಸಬೇಡಿ. ರಸ್ತೆಯಲ್ಲಿ ನಿಲ್ಲಿಸಿ "ಯಾವ ಜಾತಿ" ಎಂದು ಕೇಳುವ ಹೊಸ ಪಿಡುಗು ಅಂಟುತ್ತದೆ. ಮಜರೆ ಅಥವಾ ಕ್ಯಾಂಪಿನ ಹೆಸರು ಸಾಕು, ಹೋಲಿಕೆ ಸಮಿತಿಯವರೇ ಮಾಡಿಕೊಳ್ಳಬಹುದು.

ಕೊನೆಗಾರ:

ಕಳವು ಸುಳ್ಳಲ್ಲ ಮಾರಾಯ್ರೇ. ಒಂದು ಕ್ವಿಂಟಾಲ್ ಕೆಂಪಡಿಕೆ ಹೋದರೆ ಸಣ್ಣ ಹಿಡುವಳಿದಾರನ ವರ್ಷದ ಲೆಕ್ಕವೇ ತಲೆಕೆಳಗು. ಪೊಲೀಸರನ್ನು ಕಟ್ಟಿಹಾಕುವ ಬದಲು ಸುಲಭದ ದಾರಿ ಇದೆ. ಪಂಚಾಯಿತಿಯವರೇ ಕ್ಯಾಂಪಿನವರ, ಕೂಲಿಯವರ ಪಟ್ಟಿ ಮಾಡಿ, ಫೋಟೊ ಹಾಕಿದ ಗುರುತಿನ ಚೀಟಿ ಕೊಟ್ಟು, ಒಂದು ಪ್ರತಿ ಠಾಣೆಗೆ ಕಳಿಸಲಿ. ಚೀಟಿ ಇದ್ದವರನ್ನು ಬಿಡುತ್ತಾರೆ, ಇಲ್ಲದವರನ್ನು ಕೇಳುತ್ತಾರೆ. ಎರಡೂ ಕಡೆಗೆ ನಿಶ್ಚಿಂತೆ.

ಮಂಡಗದ್ದೆ ತಿರುವು:

ಕೊನೆಗಾರರೇ, ನಿಮ್ಮ ಉದ್ದೇಶ ಒಳ್ಳೆಯದೇ. ಆದರೆ ನೀವು ಹೇಳಿದ ದಾರಿಯಲ್ಲಿ ಈ ದೇಶ ಒಮ್ಮೆ ನಡೆದಾಗಿದೆ. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಮಾಡಿದ್ದು ಇದನ್ನೇ: ಇಡೀ ಸಮುದಾಯದ ಪಟ್ಟಿ, ಠಾಣೆಯಲ್ಲಿ ಹಾಜರಿ, ಊರು ಬಿಡಲು ಪಾಸು. 1952ರಲ್ಲಿ ಅದು ರದ್ದಾಗಿ ಆ ಸಮುದಾಯಗಳನ್ನು ವಿಮುಕ್ತ ಎಂದು ಕರೆದರೂ ಅನುಮಾನ ರದ್ದಾಗಲಿಲ್ಲ. ಈಗ ಪಂಚಾಯಿತಿ ಪಟ್ಟಿ ಕಳಿಸಿದರೆ ಮುಂದಿನ ಕಳವಿನ ದಿನ ಠಾಣೆಯ ಮೇಜಿನ ಮೇಲೆ ಮೊದಲು ತೆರೆದುಕೊಳ್ಳುವುದು ಅದೇ ಪಟ್ಟಿ. ಚೀಟಿ ಮನೆಯಲ್ಲಿ ಮರೆತವನು ಅವತ್ತೇ ಕಳ್ಳ.

ಎಲ್ಲರಿಗೂ ಸಿಗುವ ಕಾಗದವನ್ನೇ ಇವರಿಗೂ ಮಾಡಿಸಿಕೊಡಿ. ಕ್ಯಾಂಪಿನವರಲ್ಲಿ ಎಣ್ಣೆ, ಪ್ಲಾಸ್ಟಿಕ್ ಹೂ, ಸರ ಮಾರಿಕೊಂಡು ಶಿವಮೊಗ್ಗ, ಭದ್ರಾವತಿ ಸುತ್ತುವವರು ಇದ್ದರೆ 2014ರ ಬೀದಿ ಬದಿ ವ್ಯಾಪಾರಿಗಳ ಕಾಯ್ದೆಯಡಿ ಮಾರಾಟ ಪ್ರಮಾಣಪತ್ರ, ಗುರುತಿನ ಚೀಟಿ ಸಿಗುತ್ತದೆ. ಒಂದೇ ಕಡೆ ಕೂರದೆ ಸುತ್ತಿ ಮಾರುವವರಿಗೂ ಅದರಲ್ಲಿ ಜಾಗವಿದೆ. ಕೊಡುವುದು ಮಹಾನಗರ ಪಾಲಿಕೆಯ ಅಥವಾ ನಗರಸಭೆಯ ಪಟ್ಟಣ ಮಾರಾಟ ಸಮಿತಿಯ ಮೂಲಕ. ಆ ಸಮಿತಿಯಲ್ಲಿ ಪೊಲೀಸ್ ಪ್ರತಿನಿಧಿಯೂ ಕೂರುತ್ತಾರೆ, ಅಂದರೆ ಮಾತನಾಡಲು ಅಲ್ಲೇ ಒಂದು ಮೇಜು ಇದೆ. ಷರತ್ತಿನ ಪ್ರಕಾರ ಮಾರುತ್ತಿರುವವರನ್ನು ಪೊಲೀಸರೂ ಸೇರಿ ಯಾರೂ ತಡೆಯಬಾರದು ಎನ್ನುವುದು ಅದೇ ಕಾಯ್ದೆಯ 27ನೇ ಸೆಕ್ಷನ್. ಸಮೀಕ್ಷೆಯಲ್ಲಿ ಹೆಸರು ಬಿಟ್ಟುಹೋಗುವುದೇ ಇಲ್ಲಿ ಮುಖ್ಯ ತೊಡಕು. ಸಮೀಕ್ಷೆಯವರು ಬಂದ ದಿನ ಇವರು ಜಾತ್ರೆಗೋ ಬೇರೆ ಜಿಲ್ಲೆಗೋ ಹೋಗಿರುತ್ತಾರೆ. ಕಾಯ್ದೆ ಪ್ರಕಾರ ಕನಿಷ್ಠ ಐದು ವರ್ಷಕ್ಕೊಮ್ಮೆ ಸಮೀಕ್ಷೆ ಆಗಬೇಕು, ಅಷ್ಟು ಕಾಯದೆ ಈಗಲೇ ಅರ್ಜಿ ಹಾಕಿಸಿ ಸ್ವೀಕೃತಿ ಇಟ್ಟುಕೊಳ್ಳಿ.

ಕೂಲಿಯವರ ವಿಚಾರದಲ್ಲಿ ತೊಂದರೆ ಹೆಚ್ಚಾಗಿ ಪೊಲೀಸರಿಗಿಂತ ಮೊದಲೇ ಶುರುವಾಗುತ್ತದೆ. ಮುಂಗಡ ಕೊಟ್ಟ ಮೇಸ್ತ್ರಿ ಮೂಲ ಆಧಾರ್ ತನ್ನ ಬಳಿ ಇಟ್ಟುಕೊಂಡಿರುತ್ತಾನೆ. ಸಂತೆಗೆ ಬಂದ ಹುಡುಗನ ಜೇಬಿನಲ್ಲಿ ಏನೂ ಇರುವುದಿಲ್ಲ, ಕನ್ನಡವೂ ಬಾರದು. ಮೂಲ ದಾಖಲೆ ತಡೆಹಿಡಿಯಬಾರದೆಂದು ತೋಟದ ಮಾಲೀಕರಿಗೆ ಪಂಚಾಯಿತಿ ಬರೆದರೆ ಅರ್ಧ ಜಗಳ ರಸ್ತೆಗೆ ಬರುವುದಿಲ್ಲ.

ವಕಾಲತ್ತು:

ಟಿಪ್ಪಣಿಗೆ ಕಾನೂನಿನ ಭಾಗ ಹೇಳುತ್ತೇನೆ. 2024ರ ಜುಲೈ 1ರಿಂದ ಜಾರಿಯಲ್ಲಿರುವುದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 41ಎ, 160 ಎಂದು ಅರ್ಜಿಯಲ್ಲಿ ಬರೆದರೆ ಅದನ್ನೇ ನೆಪ ಮಾಡಿ ವಾಪಸ್ ಕೊಡುತ್ತಾರೆ.

ಸಾಕ್ಷಿ ಎಂದು ಕರೆಯುವುದಾದರೆ 179ನೇ ಸೆಕ್ಷನ್ ಪ್ರಕಾರ ಲಿಖಿತ ಆದೇಶ ಬೇಕು. ಹೆಂಗಸರು, 15ಕ್ಕಿಂತ ಕೆಳಗಿನ ಹುಡುಗರು, 60 ದಾಟಿದವರು ಇದ್ದರೆ ಅವರ ಮನೆಗೇ ಬಂದು ಕೇಳಬೇಕು, ಠಾಣೆಗೆ ಬಾ ಎನ್ನುವಂತಿಲ್ಲ. ಆರೋಪಿ ಎಂದು ಕರೆಯುವುದಾದರೆ 35(3)ರ ನೋಟಿಸ್. ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ ನೋಟಿಸ್ ಸಲ್ಲದು ಎಂದು ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ಹೇಳಿದೆ. ನೋಟಿಸ್‌ಗೆ ಹಾಜರಾಗುತ್ತಿರುವವನನ್ನು ಬಂಧಿಸಬೇಕಾದರೆ ಕಾರಣ ಬರೆದಿಡಬೇಕು. "ಸುಮ್ಮನೆ ಸಾಹೇಬರು ಕರೀತಿದ್ದಾರೆ" ಎನ್ನುವುದು ಇವೆರಡರಲ್ಲಿ ಯಾವುದೂ ಅಲ್ಲ. ಬಾಯಿಮಾತಿಗೆ ಹೋಗುವುದಾದರೂ ಒಬ್ಬರೇ ಹೋಗದೆ, ಹೋದ ಹೊತ್ತು ಬಂದ ಹೊತ್ತು ಬರೆದಿಡಲಿ.

ಅಂಗಳದಿಂದ ಅಡಿಕೆ ಕದ್ದ ಸಾಮಾನ್ಯ ಕಳವಿಗೆ ಗರಿಷ್ಠ ಮೂರು ವರ್ಷ ಶಿಕ್ಷೆ, ಮನೆಯೊಳಗಿನಿಂದ ಕದ್ದರೆ ಏಳು ವರ್ಷ. ಏಳು ವರ್ಷದವರೆಗಿನ ಅಪರಾಧಗಳಲ್ಲಿ ತಕ್ಷಣ ಬಂಧಿಸುವಂತಿಲ್ಲ, ಬಂಧನ ಯಾಕೆ ಅಗತ್ಯ ಎಂದು ದಾಖಲಿಸಬೇಕು ಎಂಬುದು ಸುಪ್ರೀಂ ಕೋರ್ಟಿನ 2014ರ ಅರ್ನೇಶ್ ಕುಮಾರ್ ತೀರ್ಪು. ಎಡವುವುದು ಇಲ್ಲೇ: ಎಫ್‌ಐಆರ್‌ಗೆ ಭಾರತೀಯ ನ್ಯಾಯ ಸಂಹಿತೆಯ ರಾತ್ರಿ ಕನ್ನಗಳವಿನ ಸೆಕ್ಷನ್ 331(4) ಸೇರಿಸಿಬಿಟ್ಟರೆ ಗರಿಷ್ಠ 14 ವರ್ಷಕ್ಕೆ ಹೋಗಿ ಈ ರಕ್ಷಣೆ ಕೈತಪ್ಪುತ್ತದೆ. ಅಂಗಳದ ಅಡಿಕೆಗೆ ಆ ಸೆಕ್ಷನ್ ಹೇಗೆ ಬಂತು ಎಂದು ವಕೀಲರು ಮೊದಲ ದಿನವೇ ಕೇಳಬೇಕು.

2024ರ ಅಕ್ಟೋಬರ್ 3ರ ಸುಕನ್ಯಾ ಶಾಂತಾ ತೀರ್ಪಿನ ಪ್ರತಿ ನಿರ್ಣಯಕ್ಕೆ ಲಗತ್ತಿಸಿ. ಜೈಲುಗಳ ಜಾತಿಭೇದದ ಪ್ರಕರಣ ಎಂದೇ ಅದು ಹೆಸರಾಗಿದೆ, ಆದರೆ ವಿಮುಕ್ತ ಸಮುದಾಯದವರನ್ನು ಮನಬಂದಂತೆ ಬಂಧಿಸಬಾರದೆಂದು ಪೊಲೀಸರಿಗೂ ನಿರ್ದೇಶನ ಅದರಲ್ಲಿದೆ. ಅದೇ ವರ್ಷದ ಮೇ ತಿಂಗಳ ಅಮಾನತುಲ್ಲಾ ಖಾನ್ ತೀರ್ಪು, ಹಿಂದುಳಿದ, ಪರಿಶಿಷ್ಟ ಸಮುದಾಯದವರೆಂಬ ಕಾರಣಕ್ಕೆ ನಿರಪರಾಧಿಗಳ ಹೆಸರು ಹಿಸ್ಟರಿ ಶೀಟ್‌ಗೆ (ಠಾಣೆ ನಿಗಾ ಇಡುವವರ ಕಡತಕ್ಕೆ) ಯಾಂತ್ರಿಕವಾಗಿ ಸೇರದಂತೆ ನೋಡಿಕೊಳ್ಳಿ ಎಂದು ರಾಜ್ಯಗಳಿಗೆ ಹೇಳಿತು. ರೌಡಿ ಶೀಟ್ ಬಗ್ಗೆ ನಮ್ಮ ಹೈಕೋರ್ಟ್ 2022ರಲ್ಲೇ ಮಾರ್ಗಸೂಚಿ ಕೊಟ್ಟಿದೆ: ಹೆಸರು ಸೇರಿಸುವ ಮೊದಲು ಆ ವ್ಯಕ್ತಿಗೆ ತಿಳಿಸಿ ಅವನ ಮಾತು ಕೇಳಬೇಕು, ಆದೇಶದಲ್ಲಿ ಕಾರಣ ಇರಬೇಕು, ಎರಡು ವರ್ಷಕ್ಕೊಮ್ಮೆ ಮರುಪರಿಶೀಲನೆ ಆಗಬೇಕು.

ರಾತ್ರಿ ಗಸ್ತಿನಲ್ಲಿ ಬೆರಳಚ್ಚು ಯಂತ್ರಕ್ಕೆ ಬೆರಳು ಇಡಿಸುವುದು ಈಗ ರೂಢಿ. 2022ರ ಗುರುತಿಸುವಿಕೆ ಕಾಯ್ದೆ ಹೇಳುವುದು ಶಿಕ್ಷೆಯಾದವರ, ಬಂಧಿತರ, ಮುಂಜಾಗ್ರತಾ ವಶದಲ್ಲಿರುವವರ ವಿಷಯ. ಸುಮ್ಮನೆ ದಾರಿಯಲ್ಲಿ ಹೋಗುವವರು ಆ ಪಟ್ಟಿಯಲ್ಲಿಲ್ಲ. ಹಿಂದೆ ಶಿಕ್ಷೆಯಾಗಿರದವರು ಪ್ರಕರಣದಲ್ಲಿ ಖುಲಾಸೆಯಾದರೆ, ಮೇಲ್ಮನವಿಯ ಹಂತ ಮುಗಿದ ಮೇಲೆ ಅವರ ಬೆರಳಚ್ಚು ಮುಂತಾದ ಅಳತೆಯ ದಾಖಲೆ ನಾಶ ಮಾಡಬೇಕೆಂದೂ ಅದೇ ಕಾಯ್ದೆ ಹೇಳುತ್ತದೆ. ತಾನಾಗಿ ಅಳಿಸಿಹೋಗುತ್ತದೆ ಎಂದು ಕೂರಬೇಡಿ. ತೀರ್ಪಿನ ದೃಢೀಕೃತ ಪ್ರತಿ ಇಟ್ಟು ಎಸ್ಪಿ ಕಚೇರಿಗೆ ಅರ್ಜಿ ಕೊಡಿಸಿ. ಇಲ್ಲವಾದರೆ ಹತ್ತು ವರ್ಷದ ಹಿಂದೆ ಬಿದ್ದುಹೋದ ಕೇಸು ಯಂತ್ರದಲ್ಲಿ ಇವತ್ತೂ ಮಿನುಗುತ್ತದೆ, ಗಸ್ತಿನವರಿಗೆ ಅಷ್ಟು ಸಾಕು.

ತುಂಗೆದಂಡೆ:

ಕೊನೆಗಾರರ ಪಟ್ಟಿಯ ಸಲಹೆ ಕರಡಿನಲ್ಲೂ ಇತ್ತು, ತೆಗೆಯುತ್ತೇನೆ. ಇನ್ನೆರಡು ಪ್ರಶ್ನೆ. ಈಗಿನ ಸ್ಥಿತಿಯ ಅಂಕಿಸಂಖ್ಯೆ ಪಡೆಯಲು ಮಾಹಿತಿ ಹಕ್ಕಿನಲ್ಲಿ ಹೇಗೆ ಕೇಳಬೇಕು? ಠಾಣೆಯ ಸಿಸಿಟಿವಿ ದೃಶ್ಯ ಸಿಗುತ್ತದೆಯೇ?

ಕಡತ ವಿಲೇವಾರಿ:

ಹೆಸರು ಕೇಳಬೇಡಿ, ಸಂಖ್ಯೆ ಕೇಳಿ. ಹೆಸರು ಕೇಳಿದರೆ ವೈಯಕ್ತಿಕ ಮಾಹಿತಿ, ತನಿಖೆಗೆ ಅಡ್ಡಿ ಎಂದು 8(1)ರಡಿ ತಿರಸ್ಕಾರ ಖಚಿತ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಆದ್ದರಿಂದ ಮೂರು ಬೇರೆ ಅರ್ಜಿ ಮಾಡಿ, ಪ್ರತಿಯೊಂದಕ್ಕೂ 10 ರೂಪಾಯಿಯ ಪೋಸ್ಟಲ್ ಆರ್ಡರ್. ಒಂದರಲ್ಲಿ ಠಾಣಾವಾರು ರೌಡಿ ಶೀಟ್ ಎಷ್ಟು, ಕಳೆದ ಎರಡು ವರ್ಷದಲ್ಲಿ ಮರುಪರಿಶೀಲಿಸಿದ್ದೆಷ್ಟು, ಕೈಬಿಟ್ಟದ್ದೆಷ್ಟು. ಇನ್ನೊಂದರಲ್ಲಿ ನಾಗರಿಕ ಸುರಕ್ಷಾ ಸಂಹಿತೆಯ 128, 129ನೇ ಸೆಕ್ಷನ್ನಿನಡಿ (ಸನ್ನಡತೆಗೆ ಜಾಮೀನು ಕೇಳುವವು) ದಾಖಲಾದ ಪ್ರಕರಣ ಎಷ್ಟು, ಜಾಮೀನುದಾರ ಸಿಗದೆ ಜೈಲಿಗೆ ಹೋದವರೆಷ್ಟು. ಇದನ್ನು ಎಸ್ಪಿ ಕಚೇರಿಯ ಜೊತೆ ತಹಶೀಲ್ದಾರ್ ಕಚೇರಿಗೂ ಹಾಕಿ, ಅವರು ತಾಲ್ಲೂಕು ದಂಡಾಧಿಕಾರಿಯೂ ಹೌದು. ಜಾಮೀನಿಗೆ ಪಹಣಿ ಕೇಳುತ್ತಾರೆ, ಕ್ಯಾಂಪಿನಲ್ಲಿ ಯಾರ ಹೆಸರಿಗೆ ಪಹಣಿ ಇರುತ್ತದೆ? ಅದಕ್ಕೇ ಆ ಸಂಖ್ಯೆ ಕೇಳಿ ಎಂದದ್ದು. ಮೂರನೆಯದು ನಿಮ್ಮ ಠಾಣೆಯಲ್ಲಿ ತಿಂಗಳುವಾರು ಹಾಕಿದ ಲಘು ಪ್ರಕರಣಗಳ ಸಂಖ್ಯೆ. ಕೊಯ್ಲಿನ ತಿಂಗಳುಗಳನ್ನು ಮಳೆಗಾಲದ ತಿಂಗಳುಗಳ ಪಕ್ಕ ಇಟ್ಟು ನೋಡಿ. 30 ದಿನ ಕಳೆದರೆ ಮೊದಲ ಮೇಲ್ಮನವಿ.

ಸಿಸಿಟಿವಿ ದೃಶ್ಯ ಕೇಳುವುದಕ್ಕಿಂತ ಅಳಿಸದಂತೆ ತಡೆಯುವುದು ಮೊದಲ ಕೆಲಸ. 2020ರ ಡಿಸೆಂಬರ್ 2ರ ಪರಮವೀರ್ ಸಿಂಗ್ ಸೈನಿ ತೀರ್ಪಿನ ಪ್ರಕಾರ ಠಾಣೆಯ ಬಾಗಿಲು, ಲಾಕಪ್, ಕಾರಿಡಾರ್, ಇನ್ಸ್‌ಪೆಕ್ಟರ್ ಕೊಠಡಿ ಎಲ್ಲ ಕಡೆ ಧ್ವನಿಸಹಿತ ಕ್ಯಾಮೆರಾ ಇರಬೇಕು, ದೃಶ್ಯ 18 ತಿಂಗಳು ಉಳಿಯಬೇಕು, ಅಷ್ಟು ಸಾಧ್ಯವಿಲ್ಲದ ಕಡೆಯೂ ಒಂದು ವರ್ಷಕ್ಕೆ ಕಡಿಮೆ ಇಲ್ಲ. ಘಟನೆಯಾದ ವಾರದೊಳಗೆ ದಿನಾಂಕ, ಗಂಟೆ, ಯಾವ ಜಾಗದ ಕ್ಯಾಮೆರಾ ಎಂದು ನಮೂದಿಸಿ "ಸಂರಕ್ಷಿಸಿಡಿ" ಎಂಬ ಪತ್ರ ಠಾಣಾಧಿಕಾರಿಗೆ, ಪ್ರತಿ ಎಸ್ಪಿಯವರಿಗೆ. ಗಂಟೆ ಬರೆಯದ ಅರ್ಜಿಗೆ "ಲಭ್ಯವಿಲ್ಲ" ಎಂಬ ಒಂದೇ ಉತ್ತರ ಬರುತ್ತದೆ.

ಇನ್ನೊಂದು ವಿಚಾರ ಅನೇಕರ ಗಮನಕ್ಕೇ ಬಂದಿಲ್ಲ. ಆ ತೀರ್ಪು ಹೇಳಿದ ಜಿಲ್ಲಾ ಮಟ್ಟದ ಮೇಲ್ವಿಚಾರಣಾ ಸಮಿತಿಯಲ್ಲಿ ಜಿಲ್ಲಾಧಿಕಾರಿ, ಎಸ್ಪಿಯವರ ಜೊತೆಗೆ ನಗರದ ಮೇಯರ್ ಅಥವಾ ಗ್ರಾಮಾಂತರದಲ್ಲಿ ಜಿಲ್ಲಾ ಪಂಚಾಯಿತಿಯ ಮುಖ್ಯಸ್ಥರಿಗೂ ಕುರ್ಚಿ ಇದೆ. ಸ್ಥಳೀಯ ಸಂಸ್ಥೆಗೆ ಠಾಣೆಯೊಳಗೆ ಕಣ್ಣಿಡುವ ಅಧಿಕಾರ ಸಿಕ್ಕಿರುವ ಅಪರೂಪದ ಜಾಗ ಅದು. ಚುನಾಯಿತ ಮಂಡಳಿ ಇಲ್ಲದ ಅವಧಿಯಲ್ಲಿ ಆ ಕುರ್ಚಿಯಲ್ಲಿ ಯಾರು ಕೂರುತ್ತಾರೆ, ಸಮಿತಿ ಕಳೆದ ಸಲ ಸೇರಿದ್ದು ಯಾವಾಗ ಎಂದು ನಾಲ್ಕನೆಯ ಅರ್ಜಿ ಹಾಕಿ.

ಮಂಡಗದ್ದೆ ತಿರುವು:

ಹಕ್ಕಿಪಿಕ್ಕಿಯವರು ಪರಿಶಿಷ್ಟ ಪಂಗಡ, ಕೊರಮರು ಪರಿಶಿಷ್ಟ ಜಾತಿ. ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆ ಕಾಯ್ದೆಯಡಿ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಾಗೃತಿ ಮತ್ತು ಉಸ್ತುವಾರಿ ಸಮಿತಿ ಮೂರು ತಿಂಗಳಿಗೊಮ್ಮೆ ಸೇರಬೇಕು, ನಿರ್ಣಯವನ್ನು ಅದರ ಕಾರ್ಯಸೂಚಿಗೆ ಸೇರಿಸಲು ಸಮಾಜ ಕಲ್ಯಾಣ ಇಲಾಖೆಗೆ ಸಭೆಗಿಂತ ಸಾಕಷ್ಟು ಮುಂಚೆ ಕೊಡಿ. ಸಭೆಯ ದಿನ ಎದ್ದು ನಿಂತು ಹೇಳಿದ ಮಾತು ನಡಾವಳಿಯಲ್ಲಿ "ಚರ್ಚಿಸಲಾಯಿತು" ಎಂದಷ್ಟೇ ಆಗುತ್ತದೆ. ಅಸ್ಸಾಂ ಕೂಲಿಯವರ ವಿಷಯ ಆ ಸಮಿತಿಯ ಮುಂದೆ ಸಾಮಾನ್ಯವಾಗಿ ಬರುವುದಿಲ್ಲ, ಅದಕ್ಕೆ ಕಾರ್ಮಿಕ ಇಲಾಖೆಗೆ ಬೇರೆ ಪತ್ರ ಬೇಕು.

ಕೊನೆಗಾರ:

ಪಟ್ಟಿಯ ಮಾತು ವಾಪಸ್ ತಗೊಂಡೆ. ಆದರೆ ಬೀಟ್ ಸಮಿತಿಗೆ ಕ್ಯಾಂಪಿನಿಂದ ಇಬ್ಬರನ್ನು ಹಾಕಿಸಿ, ಒಬ್ಬರು ಹೆಂಗಸಾದರೆ ಇನ್ನೂ ಒಳ್ಳೆಯದು. ಅಡಿಕೆ ಕೊಳ್ಳುವ ವ್ಯಾಪಾರಿಗಳು ಮಾರಿದವರ ಹೆಸರು, ವಾಹನದ ನಂಬರ್, ತೂಕ ಬರೆದಿಡುವಂತೆ ಅದೇ ಗ್ರಾಮಸಭೆಯಲ್ಲಿ ಮಾತಾಗಲಿ. ತೋಟದವರು ನಿರ್ಣಯಕ್ಕೆ ಕೈ ಎತ್ತಬೇಕಾದರೆ ಅವರ ಮೂಟೆಗೂ ಒಂದು ಸಾಲು ಬೇಕಲ್ಲ.