ಲೈಕ್ ಹುಡುಕಾಟಕ್ಕೆ ಬೈಂಡ್ ಮಾಡಿದರೆ ಸಾಕಾ?

ಮಲೆನಾಡ_ಕೋಡರ್: ಪುಸ್ತಕದಂಗಡಿ ಸೈಟಿಗೆ ಹುಡುಕಾಟ ಬರೆಯುತ್ತಿದ್ದೇನೆ. ಪಿಎಚ್‌ಪಿ, ಮೈಎಸ್‌ಕ್ಯೂಎಲ್. ಪ್ರಿಪೇರ್ಡ್ ಸ್ಟೇಟ್‌ಮೆಂಟಿನಲ್ಲಿ (ವೇಲ್ಯೂ ಜಾಗಕ್ಕೆ ? ಇಟ್ಟು, ವೇಲ್ಯೂವನ್ನು ಆಮೇಲೆ ಬೈಂಡ್ ಮಾಡುವ ಅಂದರೆ ಜೋಡಿಸುವ ಕ್ವೆರಿ) ಪಠ್ಯ ಹೋಲಿಸುವ ಲೈಕ್ ಅನ್ನು ಲೈಕ್ '%?%' ಅಂತ ಬರೆದರೆ ನಡೆಯುತ್ತಿಲ್ಲ. ಯಾಕೆ?

ಹಳೇಬೇರು: ಕೋಟ್ ಒಳಗೆ ಹೋದ ? ಬರೀ ಅಕ್ಷರ, ಪ್ಲೇಸ್‌ಹೋಲ್ಡರ್ ಅಲ್ಲ. ಕ್ವೆರಿಯಲ್ಲಿ ಲೈಕ್ ? ಅಂತಷ್ಟೇ ಇರಲಿ. ಎರಡೂ ಬದಿಯ % ಅನ್ನು ವೇಲ್ಯೂಗೆ ಅಂಟಿಸಿ ಬೈಂಡ್ ಮಾಡಿ. ಬಳಕೆದಾರರು ಬರೆದದ್ದೇ ಕ್ವೆರಿಯ ಭಾಗವಾಗಿ ಓಡಿಬಿಡುವ ಇಂಜೆಕ್ಷನ್ ಚಿಂತೆ ಮುಗಿಯಿತು.

ತುಂಗಾತೀರ: ಇಂಜೆಕ್ಷನ್ ಚಿಂತೆ ಮುಗಿಯಿತು, ವೈಲ್ಡ್‌ಕಾರ್ಡಿನದು ಮುಗಿಯಲಿಲ್ಲ ಸರ್. ಬೈಂಡ್ ಮಾಡಿದ ಮೇಲೂ ಲೈಕ್ ತನ್ನ ಪಾಡಿಗೆ % ಗೆ 'ಎಷ್ಟು ಅಕ್ಷರವಾದರೂ', _ ಗೆ 'ಯಾವುದಾದರೂ ಒಂದು ಅಕ್ಷರ' ಅಂತ ಅರ್ಥ ಕೊಡುತ್ತದೆ. ಯಾರಾದರೂ 50% ಅಂತ ಹುಡುಕಿದರೆ 500, 1950 ಇರುವ ಹೆಸರೆಲ್ಲ ಬರುತ್ತವೆ. ಬರೀ _ ಒತ್ತಿದರೆ ಇಡೀ ಪಟ್ಟಿಯೇ ಬರುತ್ತದೆ.

ಹಳೇಬೇರು: ಬಂದರೆ ಬರಲಿ ಬಿಡಿ. ಗೊತ್ತಿರುವವರಿಗೆ ಅದು ಅನುಕೂಲ ಅಲ್ವಾ? ಸುಮ್ನೆ ಎಸ್ಕೇಪ್ ಕೋಡ್ (%, _ ಗಳನ್ನು ಬರೀ ಅಕ್ಷರವಾಗಿ ಓದಿಸುವ ಕೋಡ್) ಸೇರಿಸಿ ಹೊಸ ಬಗ್ ಯಾಕೆ ತರಬೇಕು?

ತುಂಗಾತೀರ: ಅನುಕೂಲ ಬೇಕಿದ್ದರೆ ಬಳಕೆದಾರರಿಗೆ * ಕೊಡಿ, ಅದನ್ನು ನಾವೇ % ಮಾಡೋಣ. ಆದರೆ ಮೊದಲು ಎಸ್ಕೇಪ್. ಎಸ್ಕೇಪ್ ಗುರುತಾಗಿ ! ಇಟ್ಟುಕೊಳ್ಳಿ. ಮೊದಲು ! ಅನ್ನು !! ಮಾಡಿ, ಆಮೇಲೆ ಪ್ರತಿ % ಮತ್ತು _ ನ ಎಡಕ್ಕೆ ! ಹಾಕಿ, ಕೊನೆಗೆ ನಮ್ಮ % ಸೇರಿಸಿ. ಈ ಕ್ರಮ ತಪ್ಪಿದರೆ ನೀವೇ ಹಾಕಿದ ! ಮತ್ತೆ ಇಮ್ಮಡಿಯಾಗುತ್ತದೆ. ಕ್ವೆರಿಯಲ್ಲಿ ಲೈಕ್ ? ಆದ ಮೇಲೆ ಎಸ್ಕೇಪ್ '!' ಅಂತ ಬರೆಯಲೇಬೇಕು. ಮೈಎಸ್‌ಕ್ಯೂಎಲ್, ಪೋಸ್ಟ್‌ಗ್ರೆಸ್‌ಗಳಲ್ಲಿ ಬರೆಯದಿದ್ದರೆ ಬ್ಯಾಕ್‌ಸ್ಲ್ಯಾಶ್ ಎಸ್ಕೇಪ್ ಆಗುತ್ತದೆ. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ತಾನಾಗಿ ಯಾವುದೂ ಇಲ್ಲ, ಅಲ್ಲಿ [ ಕೂಡ ವೈಲ್ಡ್‌ಕಾರ್ಡೇ.

ಅಕ್ಷರಜೋಡಣೆ: ಕನ್ನಡ ಸೈಟಾದರೆ ಬಳಕೆದಾರರ ಕೈಗೆ _ ಕೊಡಲೇಬೇಡಿ. ಅದು ಒಂದು ಯೂನಿಕೋಡ್ ಅಕ್ಷರಕ್ಕಷ್ಟೇ ಹೊಂದುತ್ತದೆ. 'ಕಿ' ನಮ್ಮ ಕಣ್ಣಿಗೆ ಒಂದು, ಡೇಟಾಬೇಸಿಗೆ ಕಕಾರ ಬೇರೆ, ಗುಡಿಸು ಬೇರೆ. ಹಾಗಾಗಿ ಅಕ್ಕಪಕ್ಕ % ಇಲ್ಲದೆ '_ತ್ತೂರು' ಅಂತ ಕೊಟ್ಟರೆ ಕಿತ್ತೂರು ಸಿಗುವುದಿಲ್ಲ.

ಹಳೇಬೇರು: ಇದು ಯೋಚಿಸುವ ವಿಷಯವೇ. ಆಯ್ತು, ಎಸ್ಕೇಪ್ ಇರಲಿ. ಆದರೆ ಸೈಟ್ ಮಲಗುವುದು ಮುಂದಿರುವ % ನಿಂದ, ಅದನ್ನು ಯಾರೂ ಹೇಳಲಿಲ್ಲ. 'ಮೈ%' ಗೆ ಇಂಡೆಕ್ಸ್ (ಬೇಗ ಹುಡುಕಲು ಜೋಡಿಸಿಟ್ಟ ಸೂಚಿ) ಉಪಯೋಗಕ್ಕೆ ಬರಬಹುದು, '%ಮೈ%' ಗೆ ಮಾಮೂಲಿ ಇಂಡೆಕ್ಸಿನಲ್ಲಿ ಹುಡುಕುವ ದಾರಿಯಿಲ್ಲ. ಸಾಲು ಸಾಲಾಗಿ ಓದಬೇಕು.

ತುಂಗಾತೀರ: ಒಪ್ಪಿದೆ ಸರ್. ಪೋಸ್ಟ್‌ಗ್ರೆಸ್ ಆಗಿದ್ದರೆ ಪಠ್ಯವನ್ನು ಮೂರು ಮೂರು ಅಕ್ಷರದ ತುಂಡು ಮಾಡಿಡುವ ಟ್ರೈಗ್ರಾಮ್ ಇಂಡೆಕ್ಸ್ ಇದೆ. ಮೈಎಸ್‌ಕ್ಯೂಎಲ್‌ನಲ್ಲಿ 5.7ರಿಂದ ಇಂಥದೇ ತುಂಡುಗಳ ಎನ್‌ಗ್ರಾಮ್ ಫುಲ್‌ಟೆಕ್ಸ್ಟ್ ಸಿಗುತ್ತದೆ, ಆದರೆ ಅದಕ್ಕೆ ಲೈಕ್ ಬಿಟ್ಟು ಮ್ಯಾಚ್ ಬರೆಯಬೇಕು.

ಮಲೆನಾಡ_ಕೋಡರ್: ನಮ್ಮದು ಕೆಲವೇ ಸಾವಿರ ಪುಸ್ತಕ.

ಹಳೇಬೇರು: ಹಾಗಾದರೆ ಲೈಕ್ ಧಾರಾಳ ಸಾಕು. ಎರಡಕ್ಷರಕ್ಕಿಂತ ಕಡಿಮೆ ಇದ್ದರೆ ಹುಡುಕಬೇಡಿ, ಲಿಮಿಟ್ 50 ಹಾಕಿ. ಎಸ್ಕೇಪ್ ಕೋಡನ್ನು ಒಂದೇ ಫಂಕ್ಷನ್‌ನಲ್ಲಿಟ್ಟು 50% ಕೊಟ್ಟು ಟೆಸ್ಟ್ ಮಾಡಿ.