ಕ್ವಾರಿ ಕೆಳಗಿನ ಬಾವಿ: ಕದಡಿದ ನೀರು, ಇಳಿದ ನೀರು

ಪ್ರಶ್ನೆ (ಕುಮಟಾ ತಾಲೂಕು): ನಮ್ಮ ಮನೆ ಗುಡ್ಡದ ಬುಡದಲ್ಲಿ. ಮೇಲೆ ಜಲ್ಲಿ ಕ್ವಾರಿ, ಕ್ರಷರ್ ಇದೆ. ಮಳೆ ಹಿಡಿದರೆ ಬಾವಿ ನೀರು ಕದಡುತ್ತದೆ. ಮೊದಲು ಮೇ ಕೊನೆವರೆಗೂ ಇರುತ್ತಿದ್ದ ನೀರು ಈಗ ಮಾರ್ಚಿನಲ್ಲೇ ತಳ ಕಾಣುತ್ತದೆ. ಕೇಳಿದರೆ ಧೂಳಿಗೆ ನೀರು ಹೊಡೆಯುತ್ತಿದ್ದೇವಲ್ಲ ಅನ್ನುತ್ತಾರೆ. ಅವರ ಹತ್ತಿರ ಏನು ಕೇಳಬೇಕು?

ಉತ್ತರ (ಅಂತರ್ಜಲ ಎಂಜಿನಿಯರ್): ಧೂಳಿಗೆ ನೀರು ಹೊಡೆಯುವುದು ಬೇಕೇ ಬೇಕು, ಆದರೆ ನಿಮ್ಮ ಬಾವಿಗೂ ಅದಕ್ಕೂ ಸಂಬಂಧವಿಲ್ಲ. ನೀವು ಕೇಳಬೇಕಾದದ್ದು ಕ್ವಾರಿ ಗುಂಡಿಯಿಂದ ಪಂಪ್ ಮಾಡುವ ನೀರಿನ ಬಗ್ಗೆ.

ನಮ್ಮ ಗುಡ್ಡಗಳಲ್ಲಿ ಹೆಚ್ಚಾಗಿ ಮೇಲೆ ಚಿರೆಕಲ್ಲು, ಅದರಡಿ ಶೇಡಿ ಮಣ್ಣು (ನೀರು ಸುಲಭಕ್ಕೆ ಇಳಿಯದ ನುಣುಪು ಜೇಡಿ), ಕೆಳಗೆ ಕರಿಕಲ್ಲು. ಮಳೆನೀರು ಚಿರೆಕಲ್ಲಿನಲ್ಲಿ ಇಳಿದು, ಶೇಡಿಯ ಮೇಲೆ ನಿಂತು, ನಿಧಾನಕ್ಕೆ ಬುಡದ ಬಾವಿಗೆ ಬರುತ್ತದೆ. ಕ್ವಾರಿ ಆ ದಾರಿಯನ್ನೇ ಕಡಿದರೆ ನೀರು ಗುಂಡಿಗೆ ಒಸರುತ್ತದೆ. ಅದನ್ನು ಬೇಸಿಗೆಯಿಡೀ ಎತ್ತಿ ಹಳ್ಳಕ್ಕೆ ಬಿಟ್ಟರೆ ಬಾವಿಗೆ ಉಳಿಯುವುದೇನು? ಹಾಗೆ ಎತ್ತಿದ ನೀರನ್ನೇ ಧೂಳಿಗೂ ಎಂ-ಸ್ಯಾಂಡ್ (ಕಲ್ಲು ಪುಡಿಮಾಡಿದ ಮರಳು) ತೊಳೆಯುವುದಕ್ಕೂ ತಿರುಗಿ ಬಳಸಬೇಕು, ಅದಕ್ಕೆಂದು ಹಳ್ಳದಿಂದ ಬೇರೆ ನೀರು ಎತ್ತಬಾರದು.

ಕದಡಿದ ನೀರನ್ನು ಗಾಜಿನ ಬಾಟಲಿಯಲ್ಲಿ ತುಂಬಿ ಅಲುಗಾಡಿಸದೆ ಇಡಿ. ಬೆಳಗಾಗುವಷ್ಟರಲ್ಲಿ ಬೂದಿ ಬಣ್ಣದ ಹುಡಿ ತಳ ಹಿಡಿದು ಮೇಲೆ ತಿಳಿಯಾದರೆ ಅದು ಹೆಚ್ಚಾಗಿ ಕ್ರಷರ್ ಪುಡಿ. ಎರಡು ಮೂರು ದಿನವಾದರೂ ಹಾಲಿನ ಹಾಗೆ ಇದ್ದರೆ ಶೇಡಿ. ಅದರ ಕಣ ಎಷ್ಟು ಸಣ್ಣದೆಂದರೆ ಒಂದು ಮೀಟರ್ ಇಳಿಯಲು ಮೂರು ದಿನವೋ ಅದಕ್ಕಿಂತ ಹೆಚ್ಚೋ ಹಿಡಿಯುತ್ತದೆ. ಅದನ್ನು ತಡೆಯಲು ಹೂಳು ತಂಗುವ ಹೊಂಡ ಒಂದೇ ಸಾಲದು. ಒಂದು ಹೆಕ್ಟೇರ್ ಕ್ವಾರಿಗೆ 100 ಮಿ.ಮೀ. ಮಳೆ ಬಿದ್ದರೆ 10 ಲಕ್ಷ ಲೀಟರ್ ನೀರು. ಆರಿದ್ರಾ ಮಳೆಗೆ ಅಷ್ಟು ಸುರಿಯುವುದು ನಮ್ಮ ಕಡೆ ಹೊಸದಲ್ಲ. ಹಾಗಾಗಿ ಗುಡ್ಡದ ನೀರು ಕ್ವಾರಿಗೆ ಇಳಿಯದಂತೆ ಮೇಲ್ಗಡೆ ಸುತ್ತುಗಾಲುವೆ ಮೊದಲು ಬೇಕು. ಕೆಳಗಿನ ಹೊಂಡಗಳ ಹೂಳನ್ನು ಮೃಗಶಿರದೊಳಗೆ ತೆಗೆದಿರಬೇಕು. ತೆಗೆಯದೆ ಬಿಟ್ಟ ಹೊಂಡ ಕಾಗದದಲ್ಲಷ್ಟೇ ಹೊಂಡ.

ಪಂಚಾಯಿತಿಗೆ ಹೋಗಿ ಕ್ವಾರಿಯ ಪರಿಸರ ಅನುಮತಿ ಪತ್ರ ಕೇಳಿ. ಪರಿಸರ ಪರಿಣಾಮ ಅಂದಾಜಿನ 2006ರ ಕೇಂದ್ರ ಅಧಿಸೂಚನೆಯಂತೆ ಅದರ ಪ್ರತಿ ಸ್ಥಳೀಯ ಸಂಸ್ಥೆಗೆ ಬಂದಿರಬೇಕು. ಷರತ್ತುಗಳ ಪಾಲನಾ ವರದಿಯನ್ನು ಕ್ವಾರಿಯವರು ವರ್ಷಕ್ಕೆ ಎರಡು ಸಲ, ಜೂನ್ 1 ಮತ್ತು ಡಿಸೆಂಬರ್ 1ಕ್ಕೆ ಕೊಡಬೇಕು. ಹಳ್ಳಕ್ಕೆ ಬಿಡುವ ನೀರಿನಲ್ಲಿ ತೇಲುಕಣ ಲೀಟರಿಗೆ 100 ಮಿಲಿಗ್ರಾಂ ಮೀರಬಾರದು.

ಪ್ರಶ್ನೆ (ಅಘನಾಶಿನಿ ಬದಿಯಿಂದ): ನಮ್ಮಲ್ಲಿ ಬಳಚು (ಎರಡು ಚಿಪ್ಪಿನ ಜೀವಿ) ಹೆಕ್ಕಿ ಬದುಕುವವರಿದ್ದಾರೆ. ಮೇಲಿನ ಹೂಳು ಇಲ್ಲಿವರೆಗೂ ತೊಂದರೆ ಕೊಡುತ್ತದಾ?

ಉತ್ತರ: ಕೊಡುತ್ತದೆ. ಬಳಚು ನೀರು ಸೋಸಿ ಆಹಾರ ಹಿಡಿಯುವ ಜೀವಿ. ಕೆಸರು ಹೆಚ್ಚಾದರೆ ಅದರ ಕಿವಿರು ಕಟ್ಟುತ್ತದೆ, ಮರಿ ಕೂರುವ ಮರಳು ಮುಚ್ಚಿಹೋಗುತ್ತದೆ. ದೂರು ಕೊಡುವಾಗ ಅಳಿವೆಯನ್ನಷ್ಟೇ ತೋರಿಸಬೇಡಿ, ಹಳ್ಳ ನದಿಗೆ ಸೇರುವ ಜಾಗದ ಫೋಟೋ ತಾರೀಕು ಸಮೇತ ಇಡಿ.

ಪ್ರಶ್ನೆ: ಬಿಟ್ಟುಹೋದ ಕ್ವಾರಿಯಲ್ಲಿ ನಿಂತ ನೀರು ತೋಟಕ್ಕೆ ಆದೀತೇ?

ಉತ್ತರ: ತೋಟಕ್ಕೆ ಸಾಮಾನ್ಯವಾಗಿ ಅಡ್ಡಿಯಿಲ್ಲ. ಕುಡಿಯುವುದಾದರೆ ಪರೀಕ್ಷೆ ಬೇಕು: ಸಿಡಿಮದ್ದಿನ ಅಮೋನಿಯಂ ನೈಟ್ರೇಟ್‌ನಿಂದ ನೈಟ್ರೇಟ್ ಸೇರಿರಬಹುದು. ಸುತ್ತ ಬೇಲಿ ಇರಲಿ, ಕಡಿದಾದ ಅಂಚಿನಲ್ಲಿ ಮಕ್ಕಳು ಜಾರಿದರೆ ಹತ್ತಿ ಬರಲು ಆಗುವುದಿಲ್ಲ.

ಮೊದಲು ಕೇಳಿದವರಿಗೆ ಇನ್ನೊಂದು ಮಾತು: ವಾರಕ್ಕೊಮ್ಮೆ, ಬೆಳಿಗ್ಗೆ ಪಂಪ್ ಹಾಕುವ ಮೊದಲು, ಬಾವಿಕಟ್ಟೆಯಿಂದ ನೀರಿನ ಮಟ್ಟಕ್ಕೆ ಹಗ್ಗ ಇಳಿಸಿ ಅಳತೆ ಬರೆದಿಡಿ. ಗುಂಡಿಯ ಪಂಪ್ ಓಡಿದ ದಿನಗಳನ್ನೂ ಪಕ್ಕದಲ್ಲೇ ಬರೆಯಿರಿ. ಅಧಿಕಾರಿಗಳು ಬಂದಾಗ ಆ ಪುಸ್ತಕವನ್ನೇ ಮುಂದಿಡಿ.